ಎಐ ಓಟ ಎಂದಾದರೂ ನಿಧಾನ ಆಗಲೇಬೇಕಲ್ವಾ?

ಶಿರಸಿಯಲ್ಲಿ ಮಕ್ಕಳನ್ನು ಇಂಜಿನಿಯರಿಂಗ್‌ಗೆ ಸೇರಿಸುವ ಹೊತ್ತು ಬಂದರೆ ಪರಿಚಯದವರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. "ಈ ಎಐ ಹೀಗೇ ಬೆಳೀತಾ ಹೋಗ್ತದಾ? ಎಲ್ಲಾದ್ರೂ ನಿಧಾನ ಆಗ್ಲೇಬೇಕಲ್ಲ ಮಾರಾಯ್ರೆ?"

ಆಗಲೇಬೇಕು. ಮೊದಲ ಕಾರಣ ಕರೆಂಟು.

ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್. ಈಗ ಎಐಗೆಂದು ಕಟ್ಟಲು ಹೊರಟಿರುವ ಅತಿ ದೊಡ್ಡ ಡೇಟಾ ಸೆಂಟರ್‌ಗಳು, ಅಂದರೆ ರಾಶಿ ಕಂಪ್ಯೂಟರ್ ಇಡುವ ಕಟ್ಟಡಗಳು, ಒಂದೊಂದೂ 1000 ಮೆಗಾವ್ಯಾಟ್ ಕೇಳುತ್ತಿವೆ. ಇಡೀ ಕೈಗಾ ಕೊಟ್ಟರೂ ಒಂದಕ್ಕೇ ಸಾಲದು. ಇಂಥ ಒಂದರ ಬೇಡಿಕೆ ವರ್ಷವರ್ಷ ಎರಡು ಪಟ್ಟಾಯಿತು ಅಂದುಕೊಳ್ಳಿ. ಹತ್ತು ವರ್ಷಕ್ಕೆ ಅದು 10 ಲಕ್ಷ ಮೆಗಾವ್ಯಾಟ್ ದಾಟುತ್ತದೆ. 2025ರಲ್ಲಿ ಇಡೀ ಭಾರತದ ವಿದ್ಯುತ್ ಸಾಮರ್ಥ್ಯವೇ ಸುಮಾರು 5 ಲಕ್ಷ! ಚಿಪ್‌ಗಳು ಕರೆಂಟು ಉಳಿಸುವುದನ್ನು ಕಲಿಯುತ್ತಿವೆ, ನಿಜ. ಆದರೂ ಈ ಲೆಕ್ಕ ಬಹಳ ವರ್ಷ ನಡೆಯುವಂಥದ್ದಲ್ಲ. ಕಾಳಿ, ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಕಾಡು, ಊರು, ತೋಟ ಮುಳುಗಿದ್ದನ್ನು ಕಂಡ ಸೀಮೆ ನಮ್ಮದು. ಕರೆಂಟು ಸುಮ್ನೆ ಬರುವುದಿಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎಐಗೆ ಕಲಿಸಲು ಬೇಕಾದ ಒಳ್ಳೆಯ ಬರಹಕ್ಕೂ ಮಿತಿಯಿದೆ. ಜೊತೆಗೆ, ಎಐ ಸ್ವಲ್ಪ ಸುಧಾರಿಸಬೇಕಾದರೂ ಪ್ರತಿ ಸಲ ಹಲವು ಪಟ್ಟು ಜಾಸ್ತಿ ಕಂಪ್ಯೂಟರ್ ಬಲ ಬೇಕಾಗುತ್ತದೆ.

ಆದರೆ ಇದನ್ನು ಕೇಳಿ ಯಾರೂ ನಿಶ್ಚಿಂತೆಯಿಂದ ಕೂರಬಾರದು. 1993ರ ಮೊದಲ ಪೆಂಟಿಯಂ ಚಿಪ್ಪಿನ ವೇಗ 60 ಮೆಗಾಹರ್ಟ್ಸ್. 2004ರ ಹೊತ್ತಿಗೆ ಅದು 3800 ಮುಟ್ಟಿತು, ಅರವತ್ತು ಪಟ್ಟಿಗಿಂತ ಜಾಸ್ತಿ. ಆಮೇಲೆ ಬಿಸಿ ತಡೆಯಲಾಗದೆ ಆ ಓಟ ನಿಂತೇಹೋಯಿತು. ಇಪ್ಪತ್ತು ವರ್ಷವಾದರೂ ವೇಗ ಎರಡು ಪಟ್ಟೂ ಆಗಿಲ್ಲ. ಆಗ ತಯಾರಕರು ವೇಗ ಬಿಟ್ಟು, ನೂರಾರು ಲೆಕ್ಕ ಒಟ್ಟಿಗೇ ಮಾಡುವ ಚಿಪ್‌ಗಳತ್ತ ತಿರುಗಿದರು. ಇವತ್ತಿನ ಎಐ ಓಡುತ್ತಿರುವುದು ಅಂಥ ಚಿಪ್‌ಗಳ ಮೇಲೇ. ಒಂದು ದಾರಿ ಮುಚ್ಚಿತು, ಕೆಲಸ ಇನ್ನೊಂದು ದಾರಿ ಹಿಡಿಯಿತು. 2024ರಿಂದ ಎಐಯಲ್ಲೂ ಇದನ್ನೇ ನೋಡುತ್ತಿದ್ದೇವೆ. ಎಐಯನ್ನು ದೊಡ್ಡದು ಮಾಡುವುದಷ್ಟೇ ಅಲ್ಲ, ಉತ್ತರ ಕೊಡುವ ಮೊದಲು ಅದಕ್ಕೆ ಜಾಸ್ತಿ ಹೊತ್ತು ಯೋಚಿಸಲು ಬಿಡುತ್ತಿದ್ದಾರೆ.

ಹಾಗಾಗಿ ಅಪ್ಪ-ಅಮ್ಮಂದಿರಿಗೆ ನಾನು ಹೇಳುವುದಿಷ್ಟು. ಓಟ ನಾಳೆಯೇ ನಿಂತರೂ ಈಗಾಗಲೇ ಬಂದಿರುವುದು ವಾಪಸ್ ಹೋಗುವುದಿಲ್ಲ. ಅನುವಾದ, ಕೋಡ್ ಬರೆಯುವುದು, ಕಾಗದಪತ್ರ ಓದಿ ಸಾರ ತೆಗೆಯುವುದು ಇಷ್ಟೇ ಸಾಕು, ಕಾರವಾರದ ಕಚೇರಿಗಳಿಂದ ಶಿರಸಿಯ ಅಡಿಕೆ ಸೊಸೈಟಿಗಳವರೆಗೆ ಕೆಲಸದ ರೀತಿ ಬದಲಾಗಲು. ಅದು ಎಲ್ಲ ಕಡೆ ತಲುಪಲು ಇನ್ನೂ ಕೆಲವು ವರ್ಷ ಬೇಕು. ನಿಮ್ಮ ಮಕ್ಕಳು ಮೊದಲ ಕೆಲಸ ಹುಡುಕುವುದು ಅದೇ ವರ್ಷಗಳಲ್ಲಿ.