ಸಾರ್ ಕ್ಲಿಪ್ ಹಾಕದ ದಿನ

ಸರ್ಜರಿ ಪಿಜಿಯ ಮೊದಲ ವರ್ಷ. ಲ್ಯಾಪರೊಸ್ಕೋಪಿ (ಹೊಟ್ಟೆಯ ಸಣ್ಣ ತೂತುಗಳಿಂದ ಮಾಡುವ ಆಪರೇಷನ್) ಕೇಸುಗಳಲ್ಲಿ ನನ್ನ ಕೆಲಸ ಕ್ಯಾಮೆರಾ ಹಿಡಿಯುವುದು. ಆ ದಿನ ಟೇಬಲ್ ಮೇಲಿದ್ದವರು ಐವತ್ತು ದಾಟಿದ ಹೆಂಗಸು. ಪಿತ್ತಕೋಶದ ಕಲ್ಲಿನ ನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ತೆಗೆಯಬೇಕಿದ್ದ ಪಿತ್ತಕೋಶ ಊದಿ, ಸುತ್ತಲಿನದ್ದೆಲ್ಲ ಅದಕ್ಕೆ ಅಂಟಿಕೊಂಡಿತ್ತು.

ಪುಸ್ತಕದಲ್ಲಿ ನಾಳಗಳಿಗೆ ಹಸಿರು ಬಣ್ಣ ಬಳಿದಿರುತ್ತಾರೆ. ಲಿವರಿನ ಬಲ, ಎಡ ಭಾಗಗಳಿಂದ ಇಳಿದ ಎರಡು ನಾಳ ಒಂದಾಗುತ್ತವೆ, ಪಿತ್ತಕೋಶದ ಸಿಸ್ಟಿಕ್ ನಾಳ ಪಕ್ಕದಿಂದ ಬಂದು ಸೇರುತ್ತದೆ, ಅಲ್ಲಿಂದ ಮುಖ್ಯ ಪಿತ್ತನಾಳ ಸಣ್ಣಕರುಳಿಗೆ ಇಳಿಯುತ್ತದೆ. ಪರದೆಯ ಮೇಲೆ ಕಂಡದ್ದು ಹಳದಿ ಕೊಬ್ಬು, ದಪ್ಪಗಾದ ಪೊರೆ, ನಡುವೆ ಬಿಳಿಚಿದ ಒಂದು ಕೊಳವೆ. ಅದು ನೇರವಾಗಿ ಪಿತ್ತಕೋಶಕ್ಕೇ ಹೋದಂತಿತ್ತು, ನಾವು ಕತ್ತರಿಸಬೇಕಾದ ಸಿಸ್ಟಿಕ್ ನಾಳದ ಹಾಗೆ. ಕತ್ತರಿಸುವ ಮುನ್ನ ನಾಳ ಮುಚ್ಚುವ ಕ್ಲಿಪ್ಪನ್ನು ಸಿಸ್ಟರ್ ಮುಂದೆ ಹಿಡಿದರು. ಆಪರೇಷನ್ ಮಾಡುತ್ತಿದ್ದ ಸಾರ್, "ಇರಿ ಸಿಸ್ಟರ್" ಅಂದರು.

ಪಿತ್ತಕೋಶದ ಕುತ್ತಿಗೆಯನ್ನು ಬರೀ ಮೇಲಕ್ಕೆ ಎಳೆದರೆ ಸಿಸ್ಟಿಕ್ ನಾಳವೂ ಮುಖ್ಯ ನಾಳವೂ ಒಂದೇ ಗೆರೆಗೆ ಬಂದುಬಿಡುತ್ತವೆ. ಸಾರ್ ಅದನ್ನು ಪಕ್ಕಕ್ಕೆ, ಕೆಳಕ್ಕೆ ಎಳೆದು ತೋರಿಸಿದರು. ಆ ಕೊಳವೆ ಅರ್ಧದಲ್ಲಿ ಬಾಗಿ ಲಿವರಿನ ಕಡೆ ತಿರುಗಿತು. ಅದು ಮುಖ್ಯ ನಾಳ! ಕತ್ತರಿಸಿದ್ದರೆ ಹೊಟ್ಟೆಯೊಳಗೆ ಪಿತ್ತರಸ ಸೋರುವುದು, ಕಾಮಾಲೆ, ಕೊನೆಗೆ ಕರುಳನ್ನೇ ತಂದು ಲಿವರಿನ ನಾಳಕ್ಕೆ ಹೊಲಿಯುವ ದೊಡ್ಡ ಆಪರೇಷನ್. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ 252 ಗಾಯಗಳನ್ನು ಪರಿಶೀಲಿಸಿತ್ತು; ಶೇ. 97ರಲ್ಲಿ ಮೂಲ ಕಾರಣ ಕಣ್ಣಿಗಾದ ಭ್ರಮೆ. ಕೈ ಪಳಗಿದೆ ಎಂಬ ಧೈರ್ಯ ಇಲ್ಲಿ ಸಾಲದು.

ಕ್ಲಿಪ್ ಹಾಕುವ ಮುನ್ನ ಏನು ಕಾಣಬೇಕೆಂದು 1995ರಲ್ಲಿ ಸರ್ಜನ್ ಸ್ಟ್ರಾಸ್‌ಬರ್ಗ್ ಹೇಳಿದ ನಿಯಮ ಸಾರ್‌ಗೆ ವ್ರತದಂತೆ: ಸಿಸ್ಟಿಕ್ ನಾಳ, ಲಿವರಿನಿಂದ ಇಳಿಯುವ ನಾಳ, ಲಿವರ್ ಇವುಗಳ ನಡುವಿನ ತ್ರಿಕೋನದ ಕೊಬ್ಬು, ನಾರು ಪೂರ್ತಿ ಬಿಡಿಸಬೇಕು, ಪಿತ್ತಕೋಶದ ಕೆಳಭಾಗ ಲಿವರಿನಿಂದ ಬೇರ್ಪಡಬೇಕು, ಒಂದು ನಾಳ, ಒಂದು ರಕ್ತನಾಳ, ಈ ಎರಡೇ ಪಿತ್ತಕೋಶಕ್ಕೆ ಹೋಗುವುದು ಕಾಣಬೇಕು. ಅಂದು ಎಷ್ಟು ಬಿಡಿಸಿದರೂ ಕಾಣಲಿಲ್ಲ. ಸಾರ್ ಪಿತ್ತಕೋಶವನ್ನು ಮೇಲ್ಭಾಗದಲ್ಲೇ ತೆರೆದು ಕಲ್ಲುಗಳನ್ನೆಲ್ಲ ತೆಗೆದರು. ಬುಡದ ಚೂರನ್ನು ಉಳಿಸಿ ಹೊಲಿದು, ಒಳಗೆ ಸೋರಿದ್ದು ಹೊರಗೆ ಬರಲೆಂದು ಡ್ರೇನ್ ಕೊಳವೆ ಇಟ್ಟರು.

ಹೊರಗೆ ಮಗನ ಮುಖ ಸಪ್ಪಗಾಯಿತು. "ಪೂರ್ತಿ ತೆಗೀಲಿಲ್ವಾ ಸಾರ್?"

ಸಾರ್ ಕೇಸ್ ಶೀಟಿನ ಹಿಂದೆ ನಾಳಗಳನ್ನು ಬರೆದು ತೋರಿಸಿದರು. "ನಿಮ್ಮ ತಾಯಿಯ ಮುಖ್ಯ ನಾಳ ಉಳಿಸೋಕೆ ಇಷ್ಟು ಬಿಟ್ಟಿದ್ದೀನಪ್ಪ. ಇದ್ರಲ್ಲಿ ಮುಂದೆ ಕಲ್ಲಾಗೋ ಸಾಧ್ಯತೆ ಸ್ವಲ್ಪ ಇದೆ. ನೋವು ಬಂದ್ರೆ, ಕಣ್ಣು ಹಳದಿಯಾದ್ರೆ ತಕ್ಷಣ ಕರ್ಕೊಂಡು ಬನ್ನಿ."

ಡ್ರೇನಿನಲ್ಲಿ ಪಿತ್ತರಸ ಬರಲಿಲ್ಲ. ಎಷ್ಟು ಉಳಿಸಿದೆ, ಯಾಕೆ ಉಳಿಸಿದೆ ಎಂಬುದನ್ನು ಸಾರ್ ಡಿಸ್ಚಾರ್ಜ್ ಶೀಟಿನಲ್ಲಿ ತಾವೇ ಬರೆದರು, ಮುಂದೆ ಸ್ಕ್ಯಾನ್ ಮಾಡುವವರಿಗೆ ಗೊತ್ತಾಗಲಿ ಎಂದು.