ಕೌಂಟರಿನ ಮುಂದೆ ಇಲ್ಲದವರು

ಸರ್ಕಾರಿ ಕಚೇರಿಗಳ ಅರ್ಜಿ, ಲಗತ್ತು, ಸಹಿ, ಸೀಲುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ನೋಡಿ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬಿಸಿನೆಸ್ ಅನಾಲಿಸ್ಟ್ ಆಗಿದ್ದವನು ಈಗ ಟಿಬಿಲಿಸಿಯಲ್ಲಿದ್ದೇನೆ. ಅಮೆರಿಕದ ಜಾರ್ಜಿಯಾ ಅಲ್ಲ, ಸೋವಿಯತ್ ಒಕ್ಕೂಟದಿಂದ ಬೇರೆಯಾದ ಜಾರ್ಜಿಯಾ ದೇಶದ ರಾಜಧಾನಿ. ನಮ್ಮೂರ ಕಡೆಯವರಿಗೆ ಈ ಊರು ಗೊತ್ತಿರುವುದು ಎಂಬಿಬಿಎಸ್ ಸೀಟಿನಿಂದ. ನಮ್ಮ ಕಸುಬಿನವರಿಗೆ ಮಾತ್ರ ಬೇರೆ ಕಾರಣಕ್ಕೆ ಗೊತ್ತು. ಆಡಳಿತ ಸರಳೀಕರಣದ ಯಾವ ತರಬೇತಿಗೆ ಹೋದರೂ, ಲಂಚ, ವಿಳಂಬ ಕಿತ್ತೊಗೆದ ಮಾದರಿ ದೇಶ ಅಂತ ಜಾರ್ಜಿಯಾದ ಸ್ಲೈಡು ಬಂದೇ ಬರುತ್ತದೆ.

ಆ ಸ್ಲೈಡಿನ ಕಥೆ ಸುಳ್ಳೇನಲ್ಲ. 2003ರ ನವೆಂಬರಿನಲ್ಲಿ ಜನರ ಪ್ರತಿಭಟನೆಯಿಂದ ಸರ್ಕಾರವೇ ಬದಲಾದ ಗುಲಾಬಿ ಕ್ರಾಂತಿಗೆ ಮೊದಲು ಇಲ್ಲಿ ಲಂಚವಿಲ್ಲದೆ ಕಾಗದ ಅಲುಗುತ್ತಿರಲಿಲ್ಲ. 2004ರಲ್ಲಿ ಕಾಖಾ ಬೆಂದುಕಿದ್ಜೆ ಮಂತ್ರಿಯಾದರು. ಓದಿದ್ದು ಜೀವಶಾಸ್ತ್ರ, ದುಡ್ಡು ಮಾಡಿದ್ದು ರಷ್ಯಾದ ಭಾರಿ ಕೈಗಾರಿಕೆಯಲ್ಲಿ. ತಿದ್ದುವುದಕ್ಕಿಂತ ಕಿತ್ತು ಹಾಕುವುದರ ಮೇಲೆ ಅವರಿಗೆ ನಂಬಿಕೆ ಜಾಸ್ತಿ. 2005ರ ಪರವಾನಗಿ ಕಾನೂನು ಸುಮಾರು 900 ಬಗೆಯ ಲೈಸೆನ್ಸು, ಪರ್ಮಿಟ್‌ಗಳನ್ನು 150ರ ಆಸುಪಾಸಿಗೆ ಇಳಿಸಿತು. ಉಳಿದವಕ್ಕೂ ಗಡುವು ಹಾಕಿತು: ಲೈಸೆನ್ಸಿಗೆ 30 ದಿನ, ಪರ್ಮಿಟ್‌ಗೆ 20 ದಿನ. ಅಷ್ಟರಲ್ಲಿ ಕಚೇರಿ ಉತ್ತರ ಕೊಡದಿದ್ದರೆ ಪರವಾನಗಿ ಕೊಟ್ಟ ಹಾಗೆಯೇ ಲೆಕ್ಕ. ನಾವು ಮದುವೆ ಮಾತುಕತೆಯಲ್ಲಿ ಹೇಳುವ ‘ಮೌನಂ ಸಮ್ಮತಿ ಲಕ್ಷಣಂ’ ಇಲ್ಲಿ ಕಾನೂನೇ ಆಗಿಬಿಟ್ಟಿತು. ನಮ್ಮ ‘ಸಕಾಲ’ದಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದನ್ನೂ ನಾವೇ ಕೇಳಿ ಪಡೆಯಬೇಕು. ಇಲ್ಲಿ ಪರವಾನಗಿಯೇ ಕೈಗೆ ಬರುತ್ತದೆ. ಅಧಿಕಾರಿ ಕೂಡಲೇ ಫೈಲು ತೆರೆಯುವುದು ಯಾವುದಕ್ಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ ಕಾನೂನಿನ ಇನ್ನೊಂದು ಮಾತು. ಪರವಾನಗಿ ಕೊಡುವ ಕಚೇರಿಗೆ ಬೇರೆ ಇಲಾಖೆಯ ಒಪ್ಪಿಗೆ ಬೇಕಿದ್ದರೆ ಅದನ್ನು ಆ ಕಚೇರಿಯೇ ತರಿಸಿಕೊಳ್ಳಬೇಕು, ಅರ್ಜಿದಾರನನ್ನು ಅಲೆಸಬಾರದು. ಸರ್ಕಾರದ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕಾಗದ ಹೊರುವ ಜವಾನನ ಕೆಲಸ ಜನರದ್ದಲ್ಲ ಅಂತ ಬರಹದಲ್ಲಿ ಒಪ್ಪಿಕೊಂಡಿದ್ದು ಅದು. ಕಂಪ್ಯೂಟರ್ ತಂದಿದ್ದಕ್ಕಿಂತ ದೊಡ್ಡ ಹೆಜ್ಜೆ.

2011ರಿಂದ ತೆರೆದ ನ್ಯಾಯ ಇಲಾಖೆಯ ಸೇವಾ ಭವನಗಳು ಇದರ ಮುಂದುವರಿಕೆ. ಪಾಸ್‌ಪೋರ್ಟ್, ಜನನ ಪತ್ರ, ಆಸ್ತಿ ನೋಂದಣಿ, ಕಂಪನಿ ನೋಂದಣಿ ಎಲ್ಲ ಒಂದೇ ಸೂರಿನಡಿ. ಟಿಬಿಲಿಸಿಯದು ನದಿ ದಂಡೆಯಲ್ಲಿ ಅಣಬೆಗಳ ಗುಂಪಿನಂಥ ಮಾಡು ಹೊತ್ತ ದೊಡ್ಡ ಕಟ್ಟಡ. ಹೊರಗಿನಿಂದ ಬಂದ ಅಧಿಕಾರಿಗಳು ಅದರ ಫೋಟೊ ಹೊಡೆದುಕೊಂಡು, ಊರಿಗೆ ಹೋಗಿ ಅಂಥದೇ ಕಟ್ಟಡದ ಟೆಂಡರ್ ಕರೆಯುತ್ತಾರೆ. ಮೇಲಿನ ಕಾನೂನಿನ ಸಾಲು ಫೋಟೊದಲ್ಲಿ ಬೀಳುವುದಿಲ್ಲವಲ್ಲ!

ಇಲ್ಲಿ ಬೇಗ ಬೇಕೆಂದರೆ ಹೆಚ್ಚು ಶುಲ್ಕ, ನಮ್ಮ ತತ್ಕಾಲ್ ಥರ. ಮೇಜಿನ ಕೆಳಗೆ ಹೋಗುತ್ತಿದ್ದ ದುಡ್ಡು ರಸೀದಿ ಸಮೇತ ಮೇಜಿನ ಮೇಲೆ ಬಂತು ಅಂತ ಹೊಗಳುವವರಿದ್ದಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಶುಲ್ಕದಿಂದಲೇ ನಡೆಯುವ ಕಚೇರಿಗೆ ನಿಧಾನದ ಸಾಲನ್ನು ಬೇಗ ಮಾಡುವುದರಲ್ಲಿ ಏನು ಲಾಭ?

ಇಷ್ಟು ಸ್ಲೈಡಿನಲ್ಲಿ ಇರುತ್ತದೆ. ಇರದ ಭಾಗವನ್ನು ನಾನು ಮೊದಲು ಅರಿತದ್ದು ರಸ್ತೆಯಲ್ಲಿ. ಇಲ್ಲಿನ ಗಾಡಿಗಳ ಹೊಗೆ ಬಗ್ಗೆ ಸಹೋದ್ಯೋಗಿಯೊಬ್ಬರನ್ನು ಕೇಳಿದಾಗ ಅವರು ನಕ್ಕು, ‘ಅದೂ ಸುಧಾರಣೆಯೇ’ ಅಂದರು. ಗಾಡಿಗಳ ಕಡ್ಡಾಯ ತಪಾಸಣೆ, ಅಂದರೆ ನಮ್ಮ ಎಫ್‌ಸಿ ಥರದ್ದು, ಹಿಂದೆ ಬರೀ ದುಡ್ಡು ಕೊಟ್ಟು ಚೀಟಿ ತರುವ ಶಾಸ್ತ್ರವಾಗಿತ್ತಂತೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದರು: ತಪಾಸಣೆಯನ್ನೇ ನಿಲ್ಲಿಸಿದರು. ವರ್ಷಗಟ್ಟಲೆ ಗಾಡಿಗಳು ಹಾಗೇ ಓಡಿದವು. ತಪಾಸಣೆ 2018ರಿಂದ ಹಂತ ಹಂತವಾಗಿ ಮರಳಿತು, ಖಾಸಗಿ ಕಾರುಗಳಿಗೆ 2019ರಲ್ಲಿ.

ಕಾರ್ಮಿಕ ತಪಾಸಣೆಯದು ಇನ್ನೂ ಕಹಿ. ಇನ್‌ಸ್ಪೆಕ್ಟರ್‌ಗಳು ವಸೂಲಿಗೆ ಬರುತ್ತಾರೆ ಅಂತ 2006ರಲ್ಲಿ ಆ ವಿಭಾಗವನ್ನೇ ರದ್ದು ಮಾಡಿದರು. ಐರೋಪ್ಯ ಒಕ್ಕೂಟದ ಜೊತೆ 2014ರಲ್ಲಿ ಒಪ್ಪಂದವಾದ ಮೇಲೆ 2015ರಲ್ಲಿ ಮತ್ತೆ ಒಂದು ವಿಭಾಗ ಬಂತು. ಆದರೆ ಮಾಲೀಕ ಒಪ್ಪಿದರಷ್ಟೇ ಒಳಗೆ ಹೋಗಬಹುದು, ಹೋಗಿ ಸಲಹೆ ಕೊಟ್ಟು ಬರಬಹುದು. 2018ರಲ್ಲಿ ಟ್ಕಿಬುಲಿ ಎಂಬಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಏಪ್ರಿಲಿನಲ್ಲಿ ಆರು ಜನ, ಜುಲೈನಲ್ಲಿ ನಾಲ್ಕು ಜನ ಸತ್ತರು. ಮುನ್ಸೂಚನೆ ಇಲ್ಲದೆ ಎಲ್ಲ ಬಗೆಯ ಕೆಲಸದ ಜಾಗಗಳಿಗೂ ಹೋಗಿ ನೋಡುವ ಅಧಿಕಾರಕ್ಕೆ ಕಾನೂನು ಬಂದಿದ್ದು 2019ರಲ್ಲಿ.

ಆ ಗಣಿಯಲ್ಲಿ ಸತ್ತವರು ಯಾವ ಲೈಸೆನ್ಸಿನ ಸಾಲಿನಲ್ಲೂ ನಿಂತವರಲ್ಲ. ನಮ್ಮ ಕಸುಬಿನ ಅಳತೆಗಳೆಲ್ಲ ಸಾಲಿನಲ್ಲಿ ನಿಂತವನದ್ದು: ಎಷ್ಟು ಹಂತ, ಎಷ್ಟು ದಿನ, ಎಷ್ಟು ಖರ್ಚು. ಯಾವ ದೇಶದಲ್ಲಿ ಉದ್ಯಮ ನಡೆಸುವುದು ಎಷ್ಟು ಸುಲಭ ಅಂತ ಸ್ಥಾನ ಕೊಡುತ್ತಿದ್ದ ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ಪಟ್ಟಿ ಎಣಿಸುತ್ತಿದ್ದದ್ದೂ ಬಹುಮಟ್ಟಿಗೆ ಅದನ್ನೇ. ಅದರಲ್ಲಿ ಜಾರ್ಜಿಯಾ ನೂರರ ಆಚೆಯಿಂದ ಕೆಲವೇ ವರ್ಷಗಳಲ್ಲಿ ಮೊದಲ ಇಪ್ಪತ್ತರೊಳಗೆ ಬಂತು. (ಬೇರೆ ಕೆಲವು ದೇಶಗಳ ಅಂಕಿಗಳನ್ನು ತಿರುಚಿದ್ದು ಹೊರಬಿದ್ದು 2021ರಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಿದರು.)

ಇದು ನನ್ನ ಕೆಲಸಕ್ಕೆ ಹೇಗೆ ಬಂತು ಅಂದರೆ, ಇನ್ನೊಂದು ಹಳೆಯ ಸೋವಿಯತ್ ದೇಶದ ಕಚೇರಿಯೊಂದು ಆಹಾರ ತಯಾರಿಸುವ ಸಣ್ಣ ಘಟಕಗಳ ಪರವಾನಗಿಯನ್ನು ಸರಳ ಮಾಡಿಕೊಡಿ ಅಂತ ನಮ್ಮನ್ನು ಕರೆಯಿತು. ದೇಶದ ಹೆಸರು ಬೇಡ. ಅಲ್ಲಿ ಗುಮಾಸ್ತೆಯೊಬ್ಬರು ಫೈಲು ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಪ್ರತಿ ಹಾಳೆಯ ಮೂಲೆಗೆ ಪೆನ್ಸಿಲಿನಲ್ಲಿ ನಂಬರು. ದಬ್ಬಳದಿಂದ ಮೂರು ತೂತು, ಬಿಳಿ ದಾರದ ಹೊಲಿಗೆ, ಹಿಂದೆ ಗಂಟು. ಗಂಟಿನ ಮೇಲೆ ಕಾಗದದ ಚೂರು ಅಂಟಿಸಿ, ಅರ್ಧ ಚೂರಿನ ಮೇಲೆ, ಅರ್ಧ ಹಾಳೆಯ ಮೇಲೆ ಬೀಳುವಂತೆ ದುಂಡು ಸೀಲು. ಆ ಫೈಲಿನಲ್ಲಿ ಕಂಪನಿ ನೋಂದಣಿಯ ಪ್ರಮಾಣಪತ್ರವೂ ಒಂದು. ಅದೇ ಮಾಹಿತಿ ಅವರ ಕಂಪ್ಯೂಟರಿನಲ್ಲೇ ಕಾಣುತ್ತದೆ, ಆದರೂ ಅರ್ಜಿದಾರ ಮೂರು ತಿಂಗಳೊಳಗಿನ ಹೊಸ ಪ್ರತಿ ತರಬೇಕು.

‘ಇದನ್ನ ಯಾರು ಓದ್ತಾರೆ ಮೇಡಂ?’ ಅಂತ ದುಭಾಷಿಯ ಮೂಲಕ ಕೇಳಿದೆ.

‘ಯಾರೂ ಓದಲ್ಲ. ಇಲ್ಲದೇ ಇದ್ರೆ ಆಡಿಟ್‌ನವರು ಬರೀತಾರೆ. ನನ್ನ ಸಂಬಳದಲ್ಲಿ ಹಿಡೀತಾರೆ.’

ಇದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ಎಷ್ಟೇ ಚೆಂದದ ಪೋರ್ಟಲ್ ಮಾಡಿಕೊಟ್ಟರೂ ಆಕೆ ಸ್ಕ್ರೀನಿನ ಪ್ರಿಂಟ್ ತೆಗೆದು ಹೊಲಿದೇ ಹೊಲಿಯುತ್ತಾರೆ, ಆಕೆಯ ಜಾಗದಲ್ಲಿದ್ದರೆ ನಾನೂ ಹೊಲಿಯುತ್ತಿದ್ದೆ. ಹಾಗಾಗಿ ನಾವು ಹೋಗಿ ಕೂತದ್ದು ಆಡಿಟ್ ಕಚೇರಿಯಲ್ಲಿ. ಕಂಪ್ಯೂಟರಿನಲ್ಲಿ ಯಾರು, ಯಾವ ಹೊತ್ತಿಗೆ ದಾಖಲೆ ನೋಡಿದರು ಎಂಬ ನಮೂದನ್ನೇ ಪುರಾವೆಯಾಗಿ ಒಪ್ಪುತ್ತೇವೆ ಅಂತ ಅಲ್ಲಿಂದ ಒಂದು ಪತ್ರ ಹೊರಟ ಮೇಲೆ ಆ ಪ್ರಮಾಣಪತ್ರ ಪಟ್ಟಿಯಿಂದ ಹೋಯಿತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಆ ಒಂದು ಪುಟದ ಪತ್ರ.

ಇನ್ನೊಂದು ಹಂತದ ಬಗ್ಗೆ ಮೀಟಿಂಗಿನಲ್ಲಿ ಎಲ್ಲರದೂ ಒಂದೇ ರಾಗ: ಪರವಾನಗಿಗೆ ಮುಂಚೆ ಇನ್‌ಸ್ಪೆಕ್ಟರ್ ಬಂದು ಜಾಗ ನೋಡುವುದನ್ನು ತೆಗೆಯಿರಿ. ಉದ್ಯಮಿಗಳಿಗೆ ಅದು ಬೇಡ, ತಿಂಗಳುಗಟ್ಟಲೆ ಕಾಯಿಸುತ್ತಾರೆ, ಕೈ ಚಾಚುತ್ತಾರೆ. ಮಂತ್ರಿಗೂ ಬೇಡ, ಹಂತ ಕಡಿಮೆಯಾದರೆ ಪ್ರೆಸ್‌ಮೀಟಿಗೆ ಒಳ್ಳೆಯ ಅಂಕಿ. ಆ ಮೇಜಿನ ಸುತ್ತ ಇಲ್ಲದಿದ್ದವರು ಆ ಘಟಕದ ಮೊಸರು ತಿನ್ನುವವರು ಮಾತ್ರ. ಜಾರ್ಜಿಯಾದ ತಪಾಸಣೆಗಳ ಕಥೆ ಹೇಳಿದೆ. ವಾದ ಜೋರಾಗಿಯೇ ನಡೆಯಿತು. ಕೊನೆಗೆ ಹಾಲು, ಮಾಂಸದ ಘಟಕಗಳಿಗೆ ಮುಂಚಿನ ಭೇಟಿ ಉಳಿಯಿತು, ಗಡುವು ಮತ್ತು ಮುದ್ರಿತ ಪ್ರಶ್ನಾವಳಿ ಸಮೇತ. ಪ್ರಶ್ನಾವಳಿಯ ಪ್ರತಿ ಅರ್ಜಿದಾರನ ಕೈಗೆ ಮೊದಲೇ ಸಿಗುತ್ತದೆ, ಅದರಲ್ಲಿ ಇಲ್ಲದ್ದನ್ನು ಇನ್‌ಸ್ಪೆಕ್ಟರ್ ಕೇಳುವಂತಿಲ್ಲ. ಬ್ರೆಡ್ಡು, ಜಾಮು, ಒಣಹಣ್ಣಿನವರಿಗೆ ಪರವಾನಗಿ ಮೊದಲು, ಭೇಟಿ ಆಮೇಲೆ.

ಈಗ ಜಗಳವಿರುವುದು ಇನ್‌ಸ್ಪೆಕ್ಟರ್‌ಗಳ ಸಂಬಳದ ಮೇಲೆ. ಹಣಕಾಸು ಇಲಾಖೆಯವರು ವಸೂಲಾದ ದಂಡದಿಂದಲೇ ಅದನ್ನು ಕೊಡೋಣ ಅನ್ನುತ್ತಿದ್ದಾರೆ. ದಂಡದ ದುಡ್ಡಿನಲ್ಲಿ ಸಂಬಳ ತಿನ್ನುವವನು ದಂಡ ಹಾಕಲೆಂದೇ ಬರುತ್ತಾನೆ, ಬಜೆಟ್‌ನಿಂದಲೇ ಕೊಡಿ ಅಂತ ನಮ್ಮ ಟಿಪ್ಪಣಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಆ ದೇಶದಲ್ಲಿ ಮೌನ ಸಮ್ಮತಿಯ ಕಾನೂನೂ ಇಲ್ಲ.