ಬಳೆ ತೆಗೀರಿ, ಮಿಸ್

2024ರ ಸೆಪ್ಟೆಂಬರ್ 2, ರಾತ್ರಿ ಹನ್ನೊಂದೂವರೆ. ಟೆಕ್ಸಸ್‌ನ ನನ್ನ ಬಾಡಿಗೆ ಮನೆಯ ಊಟದ ಮೇಜಿನ ಮುಂದೆ ಕೂತು ಫೋನಿನಲ್ಲಿ ಕೈಲ್ ಪೊಳ್ದ್, ಅಂದರೆ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ, ನೋಡುತ್ತಿದ್ದೆ. ವಿರಾಜಪೇಟೆ ಕಡೆಯ ನಮ್ಮ ಕುಟುಂಬದ ಮೂಲಮನೆ, ಐನ್‌ಮನೆಯಲ್ಲಿ ಅಷ್ಟೊತ್ತಿಗೆ ಮೂರನೇ ತಾರೀಖಿನ ಬೆಳಗ್ಗೆ ಹತ್ತು ಗಂಟೆ. ಅಣ್ಣ ಫೋನನ್ನು ಕಂಬಕ್ಕೆ ಒರಗಿಸಿಟ್ಟಿದ್ದ, ಹಾಗಾಗಿ ಇಡೀ ಹಬ್ಬವೇ ಒಂದು ಕಡೆಗೆ ವಾಲಿತ್ತು. ದೀಪದ ಮುಂದೆ ಎರಡು ಕೋವಿ, ಒಂದು ಒಡಿಕತ್ತಿ, ಅಜ್ಜನ ಪೀಚೆಕತ್ತಿ. ಎಲ್ಲದಕ್ಕೂ ಗಂಧದ ಬೊಟ್ಟು. ಜೋಡಿನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿದ್ದರು. ಬೇರೆ ಕಡೆ ಅದನ್ನು ಅಗ್ನಿಶಿಖೆ ಅಂತಾರೆ. ನಮ್ಮ ಭಾಷೆಯಲ್ಲಿ ತೋಕ್ ಅಂದರೆ ಕೋವಿ, ಹೂವಿಗೂ ಅದೇ ಹೆಸರು.

ಅಣ್ಣನ ಮಗ ಪುಟ್ಟನಿಗೆ ಏಳು ವರ್ಷ. ಪೂಜೆ ಮುಗಿದ ಮೇಲೆ ಅಣ್ಣ ಖಾಲಿ ಕೋವಿಯನ್ನು ಅವನ ಎರಡೂ ಕೈಗೆ ಕೊಟ್ಟು, ಭಾರ ತನ್ನ ಅಂಗೈ ಮೇಲೆ ಬರುವ ಹಾಗೆ ಅಡಿಯಲ್ಲಿ ಹಿಡಿದುಕೊಂಡ. ಪುಟ್ಟ ನನ್ನ ಕಡೆ ನೋಡಿ ಹಲ್ಲು ಬಿಟ್ಟ, ಮುಂದಿನ ಎರಡು ಹಲ್ಲು ಇರಲಿಲ್ಲ. ನಾನು ಸ್ಕ್ರೀನ್‌ಶಾಟ್ ತೆಗೆದೆ. ಆಮೇಲೆ ಅವರು ಕಡಂಬುಟ್ಟು, ಪಂದಿಕರಿ ತಿನ್ನಲು ಹೋದರು. ನಾನು ಮರುದಿನದ ಭಿನ್ನರಾಶಿ ಪಾಠ ನೋಡಿಕೊಂಡು ಮಲಗಿದೆ. ಹಬ್ಬ ಅಂತ ಕೈಗೆ ಹಾಕಿಕೊಂಡಿದ್ದ ಗಾಜಿನ ಬಳೆ ತೆಗೆಯಲಿಲ್ಲ.

ಕೊಡಗಿನಲ್ಲಿ ಕೋವಿ ಅಂದರೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಬ್ರಿಟಿಷರ ಕಾಲದಿಂದ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. (ನಾನು ಹುಟ್ಟಿದಾಗ ಗುಂಡು ಹಾರಿಸಲಿಲ್ಲ. ಅವ್ವ ಇದನ್ನು ಇವತ್ತಿಗೂ ಆಡಿ ತೋರಿಸುತ್ತಾಳೆ.) ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡಿನ ಸದ್ದು ಬೇಕು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕಾಲೇಜಿನಲ್ಲಿದ್ದಾಗ ನಾನೇ ಎರಡು ವರ್ಷ ಬಹುಮಾನ ತಗೊಂಡಿದ್ದೇನೆ.

ಇಷ್ಟೆಲ್ಲ ಇದ್ದೂ ಊರಿನ ಶಾಲೆಯಲ್ಲಿ ಪಾಠ ಮಾಡಿದ ಒಂಬತ್ತು ವರ್ಷ ನನ್ನ ಕ್ಲಾಸಿನ ಬಾಗಿಲಿಗೆ ಚಿಲಕ ನೆಟ್ಟಗಿರಲಿಲ್ಲ. ನಮ್ಮಲ್ಲಿ ಮಕ್ಕಳ ಸುರಕ್ಷತೆ ಅಂದರೆ ಎರಡೇ ವಿಷಯ, ಮಳೆ ಮತ್ತು ಆನೆ. ಜುಲೈ ಬಂತೆಂದರೆ ಡಿಸಿ ರಜೆ ಕೊಟ್ಟರಾ ಅಂತ ಬೆಳಗ್ಗೆ ಎದ್ದು ಫೋನ್ ನೋಡುವುದು. ತೋಟದಲ್ಲಿ ಆನೆ ಇಳಿದಿದ್ದರೆ ಲೈನ್ ಮನೆಯ ಕೂಲಿಯವರ ಮಕ್ಕಳು ಬರುವುದಿಲ್ಲ, ಹಾಜರಿ ಪುಸ್ತಕದಲ್ಲಿ ಏನು ಬರೆಯೋದು ಅಂತ ಹೆಡ್‌ಮಾಸ್ಟರನ್ನು ಕೇಳುವುದು.

ಟೆಕ್ಸಸ್‌ಗೆ ನಾನು ಬಂದದ್ದು ಶಿಕ್ಷಕರ ವಿನಿಮಯದ ಜೆ-1 ವೀಸಾದಲ್ಲಿ, ಏಳನೇ ತರಗತಿಗೆ ಗಣಿತ ಹೇಳಿಕೊಡಲು. ಊರು ಸಣ್ಣದು. ಶಾಲೆಯ ಗೇಟಿನಲ್ಲೇ ಬೋರ್ಡು, ಇಲ್ಲಿನ ಸಿಬ್ಬಂದಿಯ ಬಳಿ ಶಸ್ತ್ರ ಇದೆ, ಮಕ್ಕಳನ್ನು ಕಾಯಲು ಅದನ್ನು ಬಳಸುತ್ತೇವೆ ಅಂತ. ಮೇಷ್ಟರುಗಳಲ್ಲೇ ಕೆಲವರು ತರಬೇತಿ ಪಡೆದು ಕೋವಿ ಇಟ್ಟುಕೊಂಡಿರುತ್ತಾರೆ. ಯಾರು ಅಂತ ನಮಗೆ ಹೇಳುವುದಿಲ್ಲ. ಮೊದಲ ವಾರ ಸ್ಟಾಫ್ ರೂಮಿನಲ್ಲಿ ಕಾಫಿ ಹಾಕಿಕೊಳ್ಳುವವರ ಸೊಂಟವನ್ನೇ ನೋಡುತ್ತಿದ್ದೆ.

ಆಗಸ್ಟಿನ ತರಬೇತಿಯಲ್ಲಿ ನಾನೊಂದು ತಪ್ಪು ಮಾಡಿದೆ. ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಊರಿನ ಬಗ್ಗೆ ಹೇಳುತ್ತಿದ್ದರು. ನಾನು ಜಂಬದಿಂದ ಕೈಲ್ ಪೊಳ್ದ್, ಕೋವಿ ಪೂಜೆ, ತೆಂಗಿನಕಾಯಿ ಎಲ್ಲ ಹೇಳಿದೆ. ಮೇಜು ಪೂರ್ತಿ ನನ್ನ ಕಡೆ ತಿರುಗಿತು. ಒಬ್ಬ ಪಿಟಿ ಮೇಷ್ಟರಿಗಂತೂ ಖುಷಿಯೋ ಖುಷಿ. ‘ಹಾಗಾದ್ರೆ ನೀವೂ ನಮ್ಮ ಗಾರ್ಡಿಯನ್ ತಂಡಕ್ಕೆ ಸೇರಿ. ಗುರಿ ಇದೆ, ಇನ್ನೇನು ಬೇಕು?’ ಅಂದರು. ಆಫೀಸಿನವರೊಬ್ಬರು ನಕ್ಕು, ಇವರ ವೀಸಾಕ್ಕೆ ಅದು ಆಗಲ್ಲ ಅಂದರು. ನಿಜವೇ. ತಾತ್ಕಾಲಿಕ ವೀಸಾದಲ್ಲಿರುವವರು ಇಲ್ಲಿ ಕೋವಿ ಮುಟ್ಟುವಂತಿಲ್ಲ. ಬೇಟೆಯ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ ಅದು ಅಪರಾಧ. ಲೈಸೆನ್ಸೇ ಬೇಡದ ಊರಿಂದ ಬಂದ ನಲವತ್ತರ ಟೀಚರಿಗೆ ಇಲ್ಲ, ಹದಿನೆಂಟು ತುಂಬಿದ ಇಲ್ಲಿನ ಹುಡುಗನಿಗೆ ರೈಫಲ್ ಅಂಗಡಿಯಲ್ಲೇ ಸಿಗುತ್ತದೆ. ಟೆಕ್ಸಸ್‌ನದೇ ಊರು ಯುವಾಲ್ಡಿಯ ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗನಿಗೆ ಸಿಕ್ಕದ್ದು ಹಾಗೆಯೇ.

ವೀಸಾ ಅಡ್ಡ ಬರದಿದ್ದರೂ ನಾನು ಒಪ್ಪುತ್ತಿರಲಿಲ್ಲ. ತೆಂಗಿನಕಾಯಿ ಅಲುಗಾಡದೆ ನೇತಾಡುತ್ತಿರುತ್ತದೆ, ಸುತ್ತ ಯಾರೂ ಓಡುತ್ತಿರುವುದಿಲ್ಲ. 2022ರ ಮೇ 24ರಂದು ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ಪೊಲೀಸರು ಬಂದು, ಕೈಯಲ್ಲಿ ಕೋವಿ ಹಿಡಿದುಕೊಂಡೇ, 77 ನಿಮಿಷ ಕಳೆದ ಮೇಲೆ ಆ ಕ್ಲಾಸಿನೊಳಗೆ ನುಗ್ಗಿದರು. ಆ ದಿನ ಅಲ್ಲಿಗೆ ಬಂದ ಪೊಲೀಸರ ಲೆಕ್ಕ 370ಕ್ಕೂ ಮೇಲೆ. ಅಷ್ಟು ಜನಕ್ಕೆ ಆಗದ್ದು ಭಿನ್ನರಾಶಿ ಟೀಚರಿಗೆ ಆಗುತ್ತದೆ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೋ ನನಗೆ ಗೊತ್ತಾಗುವುದಿಲ್ಲ. ಅವತ್ತು ಹುಡುಗ ಒಳಗೆ ಬಂದ ಹೊರಬಾಗಿಲು ಮುಚ್ಚಿತ್ತು, ಬೀಗ ಮಾತ್ರ ಬಿದ್ದಿರಲಿಲ್ಲ. ಅದಾದ ಮೇಲೆ ಟೆಕ್ಸಸ್‌ನ ಶಾಲೆಗಳಲ್ಲಿ ವಾರಕ್ಕೊಮ್ಮೆ ಹೊರಬಾಗಿಲುಗಳನ್ನೆಲ್ಲ ಎಳೆದು ನೋಡಬೇಕು.

ಮೂರನೇ ತಾರೀಖು ಮಂಗಳವಾರ, ಮೂರನೇ ಪೀರಿಯಡ್ಡು. ಸ್ಪೀಕರಿನಲ್ಲಿ ಬಂತು: ‘ಲಾಕ್‌ಡೌನ್. ಲಾಕ್ಸ್, ಲೈಟ್ಸ್, ಔಟ್ ಆಫ್ ಸೈಟ್.’ ಕೋವಿಯವನು ಒಳಗೆ ನುಗ್ಗಿದರೆ ಅಂತ ಮಾಡಿಸುವ ಅಣಕು ಅಭ್ಯಾಸ ಅಂತ ಗೊತ್ತಿತ್ತು, ಪ್ರತಿ ಸೆಮಿಸ್ಟರಿನಲ್ಲೂ ಇರುತ್ತದೆ. (ಹಿಂದಿನ ಸಲ ಅವ್ವನಿಗೆ ಶಾಲೆಯಲ್ಲಿ ಲಾಕ್‌ಡೌನ್ ಇತ್ತು ಅಂದಾಗ ‘ಮತ್ತೆ ಕೊರೊನಾ ಬಂತಾ?’ ಅಂದಿದ್ದಳು. ಹೌದು ಅಂದು ಸುಮ್ಮನಾಗಿದ್ದೆ.) ಬಾಗಿಲಿಗೆ ಬೀಗ, ಲೈಟ್ ಆಫ್, ಕಿಟಕಿಗೆ ಪರದೆ. ಇಪ್ಪತ್ನಾಲ್ಕು ಮಕ್ಕಳು ಬಾಗಿಲಿನ ಗಾಜಿಗೆ ಕಾಣದ ಮೂಲೆಗೆ ಸೇರಿ ಕೂತರು. ಯಾರೂ ಗಲಾಟೆ ಮಾಡಲಿಲ್ಲ. ಇವರು ಶಿಶುವಿಹಾರದಿಂದ ಇದನ್ನು ಮಾಡಿಕೊಂಡು ಬಂದವರು, ನಮ್ಮ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುವ ಹಾಗೆ. ಎತ್ತರದ ಹುಡುಗನೊಬ್ಬ ಮೊಣಕಾಲು ಮಡಚಿಕೊಳ್ಳಲಾಗದೆ ಪಕ್ಕದವನ ಬೆನ್ನಿಗೆ ಬೆನ್ನು ಕೊಟ್ಟು ಕೂತ. ಒಬ್ಬಳು ಸ್ಟೀಲಿನ ನೀರಿನ ಬಾಟಲಿಯನ್ನು ಕುತ್ತಿಗೆ ಹಿಡಿದು ತೊಡೆಯ ಮೇಲಿಟ್ಟುಕೊಂಡಿದ್ದಳು. ಕುಡಿಯಲಿಕ್ಕಲ್ಲ, ಎಸೆಯಲಿಕ್ಕೆ ಅಂತ ನನಗೆ ಆಮೇಲೆ ಹೊಳೆಯಿತು.

ನಾನು ತಲೆ ಎಣಿಸುತ್ತಿದ್ದೆ. ಕತ್ತಲಲ್ಲಿ ಬೆರಳು ತೋರಿಸಿ ಎಣಿಸುವಾಗ ಕೈ ಅಲ್ಲಾಡಿ ಬಳೆ ಝಣ್ ಅಂತು. ಇಪ್ಪತ್ನಾಲ್ಕು ಮುಖವೂ ನನ್ನ ಕಡೆ ತಿರುಗಿದವು. ಮುಂದೆ ಕೂತಿದ್ದ ಹುಡುಗಿ, ನೋಟ್ಸ್ ಬರೆಯದೆ ದಿನಾ ನನ್ನ ಹತ್ತಿರ ಬೈಸಿಕೊಳ್ಳುವವಳು, ಪಿಸುಗುಟ್ಟಿದಳು: ‘ಬಳೆ ತೆಗೀರಿ, ಮಿಸ್.’

ಗಾಜಿನ ಬಳೆ ಬೇಗ ಬರುವುದಿಲ್ಲ. ನಾನು ಒಂದೊಂದೇ ಜಾರಿಸುವಾಗ ಅವಳು ಎರಡೂ ಕೈಯಿಂದ ನನ್ನ ಮಣಿಕಟ್ಟನ್ನು ಸುತ್ತಿ ಹಿಡಿದು ಸದ್ದಾಗದ ಹಾಗೆ ನೋಡಿಕೊಂಡಳು. ಅವಳ ಅಂಗೈ ಒದ್ದೆಯಾಗಿತ್ತು. ಕೊನೆಯ ಬಳೆ ಬರುವ ಹೊತ್ತಿಗೆ ಹೊರಗಿನಿಂದ ಯಾರೋ ಬಾಗಿಲ ಹಿಡಿಕೆಯನ್ನು ಎರಡು ಸಲ ಜಗ್ಗಿದರು. ಬೀಗ ಪರೀಕ್ಷೆ ಮಾಡಲು ಬಂದ ಶಾಲೆಯವರೇ ಅಂತ ಎಲ್ಲರಿಗೂ ಗೊತ್ತು. ಆದರೂ ಅವಳ ಉಗುರು ನನ್ನ ಕೈಗೆ ನೆಟ್ಟಿತು. ಆರು ನಿಮಿಷಕ್ಕೆ ಮುಗಿಯಿತು. ಲೈಟ್ ಹಾಕಿದೆ. ‘ಬಾತ್‌ರೂಮಿಗೆ ಹೋದವರು ವಾಪಸ್ ಬಂದು ಬಾಗಿಲು ತಟ್ಟಿದ್ರೆ?’ ಅಂತ ಒಬ್ಬ ಕೇಳಿದ. ತೆರೆಯುವಂತಿಲ್ಲ, ಹೊರಗಿನವರು ಕೀ ತಂದೇ ತೆರೆಯಬೇಕು ಅಂತ ನಿಯಮ. ಹೇಳಿದೆ. ಅವನು ‘ಓಕೆ’ ಅಂದು ಪೆನ್ಸಿಲ್ ಚೂಪು ಮಾಡಿಕೊಂಡ.

ಮರುದಿನ ಬುಧವಾರ, ಊಟದ ಹೊತ್ತಿಗೆ ಸುದ್ದಿ ಬಂತು. ಜಾರ್ಜಿಯಾ ರಾಜ್ಯದ ವಿಂಡರ್ ಎಂಬಲ್ಲಿನ ಅಪಲಾಚಿ ಹೈಸ್ಕೂಲ್. ಹದಿನಾಲ್ಕು ವರ್ಷದ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಸತ್ತಿದ್ದರು. ಗುಂಡು ಹಾರಿಸಿದನೆಂದು ಹಿಡಿದ ಹುಡುಗನಿಗೂ ಹದಿನಾಲ್ಕೇ. ಸಂಜೆಯ ಹೊತ್ತಿಗೆ ಗೊತ್ತಾಯಿತು, ಇಬ್ಬರು ಶಿಕ್ಷಕರೂ ಗಣಿತದವರು. ಒಬ್ಬರು ರೊಮೇನಿಯಾದಿಂದ ಬಂದು ನೆಲೆಸಿದ್ದವರು. ಅವರೂ ಹೊರದೇಶದ ಉಚ್ಚಾರದಲ್ಲೇ ಸಮೀಕರಣ ಹೇಳಿಕೊಡುತ್ತಿದ್ದಿರಬೇಕು, ಅವರ ಮಕ್ಕಳೂ ಮೊದಲ ವಾರ ನಕ್ಕಿರಬೇಕು. ಆ ಹುಡುಗ ಆಲ್ಜೀಬ್ರಾ ಕ್ಲಾಸಿನಿಂದ ಎದ್ದು ಹೋಗಿ, ಆಮೇಲೆ ವಾಪಸ್ ಬಂದು ಬಾಗಿಲು ತಟ್ಟಿದನಂತೆ. ಬಾಗಿಲು ತಾನಾಗಿ ಬೀಗ ಬೀಳುವಂಥದ್ದು. ತೆರೆಯಲು ಹೋದ ಹುಡುಗಿ ಕೋವಿ ಕಂಡು ಹಿಂದಕ್ಕೆ ಹಾರಿದಳಂತೆ. ಬಾತ್‌ರೂಮಿನ ಪ್ರಶ್ನೆ ಕೇಳಿದವನ ಮುಖ ಅವತ್ತು ರಾತ್ರಿಯೆಲ್ಲ ಕಣ್ಣ ಮುಂದೆ ಇತ್ತು.

ಗುರುವಾರ ಜಾರ್ಜಿಯಾದ ಆ ಹುಡುಗನ ಅಪ್ಪನನ್ನೂ ಬಂಧಿಸಿದರು, ಕೊಲೆಯ ಆರೋಪವೂ ಸೇರಿ. ಇನ್ನಷ್ಟು ಸುದ್ದಿ ಬಂತು. ಹಿಂದಿನ ವರ್ಷ ಮೇ ತಿಂಗಳಲ್ಲೇ, ಇಂಟರ್‌ನೆಟ್ಟಿನಲ್ಲಿ ಬಂದಿದ್ದ ಬೆದರಿಕೆಯೊಂದರ ಸುಳಿವು ಹಿಡಿದು ಪೊಲೀಸರು ಆ ಮನೆಗೆ ಹೋಗಿದ್ದರು. ಮನೆಯಲ್ಲಿ ಬೇಟೆಯ ಕೋವಿಗಳಿವೆ, ಆದರೆ ನಾನಿಲ್ಲದೆ ಮಗ ಮುಟ್ಟುವುದಿಲ್ಲ ಅಂತ ಅಪ್ಪ ಹೇಳಿದ್ದರು. ಅದಾದ ಮೇಲೆ, ಡಿಸೆಂಬರಿನ ಹಬ್ಬಕ್ಕೆ, ಆ ರೈಫಲನ್ನು ಮಗನಿಗೆ ಉಡುಗೊರೆ ಕೊಟ್ಟರಂತೆ. ಸ್ಟಾಫ್ ರೂಮಿನಲ್ಲಿ ಪಿಟಿ ಮೇಷ್ಟರು ಆ ಅಪ್ಪನಿಗೆ ಬಾಯಿಗೆ ಬಂದ ಹಾಗೆ ಬೈದರು. ನಾನು ಏನೂ ಹೇಳಲಿಲ್ಲ. ಫೋನಿನಲ್ಲಿದ್ದ ಸ್ಕ್ರೀನ್‌ಶಾಟ್ ತೆಗೆದು ನೋಡಿದೆ. ಬೋಳು ಒಸಡು, ತೋಕ್ ಪೂ, ಕೆಳಗೆ ಅಣ್ಣನ ಅಂಗೈ.

ನಮ್ಮದು ಬೇರೆ ಅಂತ ಮನಸ್ಸು ಹೇಳಿತು. ನಮ್ಮಲ್ಲಿ ಕೋವಿಗೆ ಹಿರಿಯರ ಭಯ ಇದೆ, ಯಾರ ಮನೆಯ ಹುಡುಗ ಹೇಗೆ ಅಂತ ಇಡೀ ಊರಿಗೆ ಗೊತ್ತಿರುತ್ತದೆ. ಇದೆಲ್ಲ ನಿಜ. ಆದರೆ ಕೊಡಗಿನಲ್ಲೂ ಆಸ್ತಿ ಜಗಳಕ್ಕೆ ಕೋವಿ ಹೊರಬಂದದ್ದಿದೆ, ಕಾಡಿನಲ್ಲಿ ಪ್ರಾಣಿ ಅಂದುಕೊಂಡು ಜೊತೆಯವನಿಗೇ ಹೊಡೆದದ್ದಿದೆ, ಕುಡಿದ ರಾತ್ರಿ ಕೋವಿಯ ಬಾಯಿಯನ್ನು ತನ್ನ ಕಡೆಗೇ ತಿರುಗಿಸಿಕೊಂಡದ್ದೂ ಇದೆ. ಅವನ್ನು ನಾವು ಹಬ್ಬದ ದಿನ ಎತ್ತುವುದಿಲ್ಲ. ಇಲ್ಲಿನ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್‌ನವರು ಶಾಲೆಯ ದಾಳಿಗಳನ್ನು ಅಧ್ಯಯನ ಮಾಡಿ 2019ರಲ್ಲಿ ಒಂದು ವರದಿ ಕೊಟ್ಟಿದ್ದರು. ಕೋವಿ ಬಳಸಿದ ಹುಡುಗರಲ್ಲಿ ಮುಕ್ಕಾಲು ಪಾಲಿಗೆ ಅದು ಸಿಕ್ಕದ್ದು ಅಪ್ಪ-ಅಮ್ಮ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ನಾವು ವಾರ ವಾರ ಎಳೆದು ನೋಡುವುದು ಶಾಲೆಯ ಬಾಗಿಲನ್ನು.

ಶುಕ್ರವಾರ ರಾತ್ರಿ, ಅಲ್ಲಿ ಶನಿವಾರ ಬೆಳಗ್ಗೆ, ಅಣ್ಣನಿಗೆ ಫೋನ್ ಮಾಡಿದೆ. ಕಾಫಿಗೆ ಔಷಧಿ ಹೊಡೆಯುವ ಆಳುಗಳ ಕಥೆ ಕಾಲು ಗಂಟೆ ಕೇಳಿ ಆಮೇಲೆ ಕೇಳಿದೆ.

‘ತೋಟಾ ಎಲ್ಲಿಟ್ಟಿದ್ದೀಯ?’

‘ಅಪ್ಪನ ಕೋಣೆ ಅಲ್ಮೇರಾದಲ್ಲಿ. ಯಾಕೆ?’

‘ಬೀಗ?’

‘ಹಾಕದೆ ಇರ್ತೇವಾ? ಅಲ್ಲಿ ಕೂತು ನಮಗೆ ಕೋವಿ ಪಾಠ ಮಾಡ್ತೀಯಾ ನೀನು?’

‘ಕೀ ಎಲ್ಲಿರ್ತದೆ ಅಣ್ಣ?’

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಮೇಲೇ. ಅಲ್ಮೇರಾದ ಮೇಲೆ. ಅಪ್ಪ ಇದ್ದಾಗಿಂದ ಅಲ್ಲೇ ಅಲ್ವಾ?’ ಅಂದ.

‘ಪುಟ್ಟನಿಗೆ ಗೊತ್ತಾ?’

‘ಅವನಿಗೆಲ್ಲಿ ಗೊತ್ತು. ಅವನಿಗೆ ಕೈಗೇ ಎಟುಕಲ್ಲ.’ ಆಮೇಲೆ ನನ್ನನ್ನು ಸುಮ್ಮನಾಗಿಸಲಿಕ್ಕೆ ಅಂತಲೇ ಜೋರಾಗಿ ಕೂಗಿದ: ‘ಪುಟ್ಟಾ, ತಾತನ ಅಲ್ಮೇರಾ ಕೀ ಎಲ್ಲುಂಟು, ನೋಡುವ?’

ಒಂದು ಕ್ಷಣ ಏನೂ ಕೇಳಲಿಲ್ಲ. ಆಮೇಲೆ ಆ ಕಡೆಯಿಂದ, ಸಿಮೆಂಟು ನೆಲದ ಮೇಲೆ ಕುರ್ಚಿ ಎಳೆಯುವ ಸದ್ದು.